ಎಷ್ಟು ಕಳ್ಕೊಂಡು ಬರ್ತೀರಿ?

ಡಿಸೆಂಬರ್ ಮುಗಿಯುವ ಹೊತ್ತಿಗೆ ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಗದ್ದಲ ಸ್ವಲ್ಪ ತಗ್ಗುತ್ತದೆ. ಲಾರಿಗಳ ಸಾಲು ಚಿಕ್ಕದಾಗುತ್ತದೆ. ಹಮಾಲರು ಮಧ್ಯಾಹ್ನ ನಿಧಾನವಾಗಿ ಊಟಕ್ಕೆ ಕೂರುತ್ತಾರೆ. ನಾನು ಅಲ್ಲೇ ಒಂದು ದಲಾಲಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಸೀಸನ್ ಇಳಿದ ಮೇಲೆ ಗೆಳೆಯರ ಫೋನ್ ಶುರುವಾಗುತ್ತದೆ. "ಏನಲೇ, ಈ ಸಲ ಗೋವಾ ಐತೋ ಇಲ್ಲೋ?"

ನಮ್ಮ ಗುಂಪಿಗೆ ಗೋವಾ ಅಂದರೆ ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗು ಅಂತಲೇ ಅರ್ಥ. ಹುಬ್ಬಳ್ಳಿ, ಧಾರವಾಡ ದಾಟಿ ಅನಮೋಡ್ ಘಾಟ್ ಇಳಿದರೆ ಮುನ್ನೂರು ಚಿಲ್ಲರೆ ಕಿಲೋಮೀಟರ್. ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಕಾರು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ನದಿ ದಡದಲ್ಲಿ ಇರುತ್ತೇವೆ. ನಮ್ಮ ಕಡೆಯಿಂದ ಹೀಗೆ ಹೋಗುವವರು ಎಷ್ಟೋ ಜನ. ಅಡಿಕೆ ಮಾರಿದವರು, ಅಂಗಡಿ ಇಟ್ಟವರು, ಹೊಸದಾಗಿ ಕೆಲಸ ಸೇರಿದ ಹುಡುಗರು. ಹೋಗುವವರೆಲ್ಲ ಮನಸ್ಸಿನಲ್ಲಿ ಏನೋ ಒಂದು ಗುರಿ ಇಟ್ಟುಕೊಂಡೇ ಹೋಗುತ್ತಾರೆ. ಆ ಗುರಿಯ ಬಗ್ಗೆಯೇ ನನಗೆ ಹೇಳಬೇಕಿದೆ. ತಪ್ಪು ಗುರಿ ಇಟ್ಟುಕೊಂಡು ಹೋಗಿ ಏನಾಗುತ್ತದೆ ಅಂತ ನಾನು ಒಂದು ಸಲ ಅನುಭವಿಸಿದ್ದೇನೆ.

ಅದು 2020ರ ಜನವರಿ. ನಾಲ್ಕು ಜನ ಹೋಗಿದ್ದೆವು. ನನಗೆ ಅದೇ ಮೊದಲು. ಜೇಬಿನಲ್ಲಿ 20,000 ರೂಪಾಯಿ. ದಾರಿಯಲ್ಲಿ ಹಾವೇರಿ ಹತ್ತಿರ ಚಹಾಕ್ಕೆ ನಿಂತಾಗ ಒಬ್ಬೊಬ್ಬರೂ ತಮ್ಮ ಗುರಿ ಹೇಳಿದರು. ಒಬ್ಬ ಲಕ್ಷ ಅಂದ. ಇನ್ನೊಬ್ಬ ಬೈಕಿನ ಸಾಲ ತೀರಿದರೆ ಸಾಕು ಅಂದ. ನಾನು ಹೇಳಿದ್ದು ಹೀಗೆ: "ನನಗೆ ದುರಾಸೆ ಇಲ್ಲಪ್ಪ. ಡೀಸೆಲ್, ರೂಮು, ಊಟ, ಹೋಗಿ ಬರೋ ಖರ್ಚು ಗಿಟ್ಟಿದರೆ ಎದ್ದು ಬಿಡ್ತೀನಿ." ಎಲ್ಲರೂ ತಲೆ ಆಡಿಸಿದರು. ನನಗೂ ನನ್ನ ಮಾತು ತುಂಬಾ ಲೆಕ್ಕಾಚಾರದ ಮಾತು ಅನ್ನಿಸಿತು.

ನನ್ನ ಪಾಲಿನ ಖರ್ಚು ಸುಮಾರು 8,500 ರೂಪಾಯಿ ಆಗುವುದಿತ್ತು. ಮೊದಲ ಒಂದು ಗಂಟೆಯಲ್ಲೇ ನಾನು 9,000 ಮುಂದೆ ಇದ್ದೆ. ಗುರಿ ಮುಟ್ಟಿತ್ತು. ಎದ್ದೆನಾ? ಇಲ್ಲ. ಇನ್ನೂ ರಾತ್ರಿ ಎಂಟೂವರೆ. ಗೆಳೆಯರೆಲ್ಲ ಆಡುತ್ತಿದ್ದಾರೆ. ಇಷ್ಟು ಸುಲಭಕ್ಕೆ ಬಂದಿದೆ, ಮಗಳಿಗೆ ಒಂದು ಸೈಕಲ್ ಆಗಲಿ ಅಂತ ಗುರಿ ಒಂದು ಮೆಟ್ಟಿಲು ಮೇಲೆ ಹೋಯಿತು. ಹತ್ತು ಗಂಟೆಗೆ ಆ 9,000 ಇರಲಿಲ್ಲ. ಹನ್ನೊಂದಕ್ಕೆ ನನ್ನ 20,000 ಕೂಡ ಇರಲಿಲ್ಲ. ಆಗ ಗುರಿ ಮತ್ತೆ ಬದಲಾಯಿತು. "ಅಸಲು ಬಂದರೆ ಸಾಕು." ಎರಡು ಸಲ ಹತ್ತತ್ತು ಸಾವಿರ ಕಾರ್ಡಿನಿಂದ ತೆಗೆದೆ. ಕೊನೆಗೆ ಗೆಳೆಯನ ಹತ್ತಿರ 12,000 ಕೈಗಡ. ಬೆಳಗಿನ ಜಾವ ದೋಣಿಯಲ್ಲಿ ದಡಕ್ಕೆ ಬಂದಾಗ ಒಟ್ಟು 52,000 ರೂಪಾಯಿ ಹೋಗಿತ್ತು. ಆಗ ನನ್ನ ಸಂಬಳ 26,000. ಎರಡು ತಿಂಗಳ ದುಡಿಮೆ.

ಬಂದ ಮೇಲೆ ಹನ್ನೊಂದು ದಿನ ಮನೆಯಲ್ಲಿ ಹೇಳಲಿಲ್ಲ. ಮಗಳು ಆಗ ಎಂಟನೇ ಕ್ಲಾಸು. ಶಾಲೆಯ ಫೀಸಿನ ಕಂತು ಕಟ್ಟುವ ದಿನ ಬಂದಾಗ ಹೇಳಲೇಬೇಕಾಯಿತು. ಹೆಂಡತಿ ಬೈಯಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತಾ ನಿಂತಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಆ ಹನ್ನೊಂದು ದಿನ ಸುಳ್ಳು ನಗು ನಕ್ಕು ಊಟಕ್ಕೆ ಕೂತಿದ್ದೆನಲ್ಲ, ಅದು ನನಗೆ ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿದೆ. ಇವತ್ತಿಗೂ.

ಆಮೇಲೆ ಕೊರೊನಾ ಬಂತು. ಗೋವಾ ಮಾತು ಎತ್ತುವವರೇ ಇರಲಿಲ್ಲ. ಆ ಖಾಲಿ ದಿನಗಳಲ್ಲಿ ನನ್ನ ತಪ್ಪು ಎಲ್ಲಿತ್ತು ಅಂತ ಯೋಚಿಸುತ್ತಿದ್ದೆ. ಮೊದಮೊದಲು ಅನ್ನಿಸಿದ್ದು, 9,000 ಬಂದಾಗಲೇ ಏಳಬೇಕಿತ್ತು ಅಂತ. ಎಲ್ಲರೂ ಅದನ್ನೇ ಹೇಳುತ್ತಾರೆ ಅಲ್ವಾ? ಸಮಯಕ್ಕೆ ಏಳಲಿಲ್ಲ, ಅದಕ್ಕೇ ಸೋತೆ. ನಿಧಾನವಾಗಿ ಬೇರೆಯದೇ ಹೊಳೆಯಿತು. ಹಾವೇರಿಯ ಚಹಾ ಅಂಗಡಿಯಲ್ಲಿ ನಾನು ಹೇಳಿದ ಗುರಿಯೇ ತಪ್ಪಾಗಿತ್ತು. ಲಕ್ಷ ಬೇಕು ಅಂದವನ ಗುರಿ ಅತಿ ಅಂತ ಅವನಿಗೂ ಗೊತ್ತಿತ್ತು. ನನ್ನದು ಸಣ್ಣ ಗುರಿ, ಮರ್ಯಾದಸ್ಥರ ಗುರಿ. ಅದಕ್ಕೇ ಅದರ ಮೇಲೆ ನನಗೆ ಅನುಮಾನವೇ ಬರಲಿಲ್ಲ.

ಇದಕ್ಕೆ ಲೆಕ್ಕ ಇದೆ. ಸ್ವಲ್ಪ ತಾಳ್ಮೆಯಿಂದ ನೋಡಿ. ನನಗೆ ಇದು ಗೊತ್ತಾಗಿದ್ದು ತಡವಾಗಿ, ನಿಮಗೆ ಮುಂಚೆಯೇ ಗೊತ್ತಾಗಲಿ.

ರೂಲೆಟ್ ಅಂದರೆ ತಿರುಗುವ ಚಕ್ರಕ್ಕೆ ಗೋಲಿ ಬಿಟ್ಟು, ಅದು ಯಾವ ಮನೆಯಲ್ಲಿ ನಿಲ್ಲುತ್ತದೆ ಅಂತ ದುಡ್ಡು ಕಟ್ಟುವ ಆಟ. ಚಕ್ರದಲ್ಲಿ 37 ಮನೆ. ಸೊನ್ನೆ ಒಂದು, ಆಮೇಲೆ 1ರಿಂದ 36. ಮೂವತ್ತೇಳು ಜನ ಒಂದೊಂದು ಮನೆಗೆ ನೂರು ರೂಪಾಯಿ ಕಟ್ಟಿದರು ಅನ್ನಿ. ಮೇಜಿನ ಮೇಲೆ 3,700 ರೂಪಾಯಿ. ಗೆದ್ದವನಿಗೆ ಮೂವತ್ತೈದು ಪಟ್ಟು, ಜೊತೆಗೆ ಅವನದೇ ನೂರು. ಒಟ್ಟು 3,600. ಉಳಿದ ನೂರು ಕ್ಯಾಸಿನೊದ್ದು. ಮೋಸ ಏನೂ ಇಲ್ಲ. ಚಕ್ರ ನೆಟ್ಟಗೇ ತಿರುಗುತ್ತದೆ. ಪ್ರತಿ ಸಲ ಶೇ. 2.7 ಅವರ ಕಡೆ ಉಳಿಯುತ್ತದೆ ಅಷ್ಟೆ. ಕೆಲವು ಚಕ್ರಗಳಲ್ಲಿ ಎರಡು ಸೊನ್ನೆ ಇರುತ್ತವೆ. ಅಲ್ಲಿ ಉಳಿಯುವುದು ಶೇ. 5.26. ಕೂರುವ ಮುಂಚೆ ಸೊನ್ನೆ ಎಷ್ಟಿವೆ ನೋಡಿ. ಅದಕ್ಕೆ ಒಂದು ನಿಮಿಷ ಸಾಕು.

ಈಗ ನನ್ನ ಗುರಿಗೆ ಬರೋಣ. ಜೇಬಿನಲ್ಲಿ 10,000 ಇದೆ, ಇನ್ನೂ 10,000 ಗೆದ್ದರೆ ಏಳುತ್ತೇನೆ, ಇಲ್ಲ ಪೂರ್ತಿ ಸೋತರೆ ಏಳುತ್ತೇನೆ. ಹೀಗೆ ಅಂದುಕೊಂಡು ಕೆಂಪು–ಕಪ್ಪಿನ ಮೇಲೆ ಆಡುತ್ತೀರಿ. 1ರಿಂದ 36ರಲ್ಲಿ ಅರ್ಧ ಮನೆ ಕೆಂಪು, ಅರ್ಧ ಕಪ್ಪು, ಸೊನ್ನೆ ಎರಡೂ ಅಲ್ಲ; ಬಣ್ಣ ಸರಿ ಬಂದರೆ ಕಟ್ಟಿದಷ್ಟೇ ಗೆಲುವು. ಪೂರ್ತಿ 10,000 ಒಂದೇ ಸಲ ಇಟ್ಟರೆ ಗೆಲ್ಲುವ ಸಾಧ್ಯತೆ ನೂರಕ್ಕೆ 48.6. ಸಾವಿರ ಸಾವಿರ ಇಟ್ಟು ಆಡಿದರೆ ಗುರಿ ಮುಟ್ಟುವ ಸಾಧ್ಯತೆ ಸುಮಾರು 37ಕ್ಕೆ ಇಳಿಯುತ್ತದೆ. ಐನೂರು ಐನೂರು ಇಟ್ಟರೆ 25. ಇನ್ನೂರು ಇನ್ನೂರು ಇಟ್ಟು ತುಂಬಾ ಹುಷಾರಾಗಿ ಆಡಿದರೆ ನೂರಕ್ಕೆ ಆರು ಮಾತ್ರ. ಮೊದಲ ಸಲ ಈ ಲೆಕ್ಕ ನೋಡಿದಾಗ ನಾನು ನಂಬಲಿಲ್ಲ. ಮತ್ತೆ ಮಾಡಿದೆ. ಸಣ್ಣ ಸಣ್ಣದಾಗಿ ಆಡಿದರೆ ಹುಷಾರು ಅಂತ ನಾವು ಅಂದುಕೊಳ್ಳುತ್ತೇವೆ. ಸಣ್ಣದಾಗಿ ಆಡಿದರೆ ಜಾಸ್ತಿ ಹೊತ್ತು ಕೂರಬಹುದು, ಅದು ನಿಜ. ಆದರೆ ಜಾಸ್ತಿ ಹೊತ್ತು ಕೂತಷ್ಟೂ ಆ ಶೇ. 2.7 ಜಾಸ್ತಿ ಸಲ ನಮ್ಮಿಂದ ಕತ್ತರಿಸಿಕೊಳ್ಳುತ್ತದೆ. ಅದಕ್ಕೆ ಗೆಲ್ಲುವ ಗುರಿ ಮತ್ತು ಖುಷಿಯಾಗಿ ಹೊತ್ತು ಕಳೆಯುವ ಗುರಿ, ಇವೆರಡೂ ಒಟ್ಟಿಗೆ ಹೋಗುವುದಿಲ್ಲ. ಒಂದನ್ನು ಆರಿಸಿಕೊಳ್ಳಬೇಕು.

ಇನ್ನೊಂದು ಲೆಕ್ಕ. ಗಂಟೆಗೆ 40 ಸಲ ಚಕ್ರ ತಿರುಗುತ್ತದೆ ಅಂತ ಇಟ್ಟುಕೊಳ್ಳಿ. ನಾಲ್ಕು ಗಂಟೆಗೆ 160 ಸಲ. ಪ್ರತಿ ಸಲ 500 ಕಟ್ಟಿದರೆ ಒಟ್ಟು 80,000 ರೂಪಾಯಿ ಕಟ್ಟಿದ ಹಾಗಾಯಿತು. ಜೇಬಿನಲ್ಲಿ ಇದ್ದದ್ದು ಹತ್ತೇ ಸಾವಿರ, ಆದರೆ ಮೇಜಿನ ಮೇಲೆ ಓಡಾಡಿದ್ದು ಎಂಬತ್ತು ಸಾವಿರ. ಮಂಡಿಯಲ್ಲಿ ನಾವು ದಲಾಲಿ ಕಮಿಷನ್ ಹಾಕುವುದೂ ಹಾಗೇ, ರೈತನ ಜೇಬಿನಲ್ಲಿ ಏನಿದೆ ಅನ್ನುವುದರ ಮೇಲಲ್ಲ, ಮಾರಿದ ಮಾಲಿನ ಮೊತ್ತದ ಮೇಲೆ. ಎಂಬತ್ತು ಸಾವಿರಕ್ಕೆ ಶೇ. 2.7 ಅಂದರೆ ಸುಮಾರು 2,160 ರೂಪಾಯಿ. ಸರಾಸರಿ ನಷ್ಟ ಅದು. ಒಂದು ರಾತ್ರಿಯಲ್ಲಿ ಆಗುವುದು ಸರಾಸರಿಗಿಂತ ಆರು ಸಾವಿರ ಮೇಲೆ ಹೋಗಬಹುದು, ಆರು ಸಾವಿರ ಕೆಳಗೆ ಹೋಗಬಹುದು. ಅಷ್ಟು ಏರಿಳಿತ ಮಾಮೂಲಿ. ನಾಲ್ಕು ಗಂಟೆ ಹೀಗೆ ಆಡಿದವರಲ್ಲಿ ಮೂವರಿಗೆ ಒಬ್ಬರು ಲಾಭದಲ್ಲೇ ಏಳುತ್ತಾರೆ.

ಆ ಒಬ್ಬರ ಕಥೆಯೇ ಊರಿಗೆ ಬರುವುದು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ನಿಂತಾಗ ಯಾರೋ ಹೇಳುತ್ತಾರೆ, ಅವನು ಹೋಗಿ ಎಂಟು ಸಾವಿರ ಹೊಡ್ಕೊಂಡು ಬಂದ ಅಂತೆ. ಸೋತ ಇಬ್ಬರು ಆ ಹೊತ್ತಿಗೆ ಅಲ್ಲಿ ಇರುವುದಿಲ್ಲ. ಇದ್ದರೂ ಮಾತಾಡುವುದಿಲ್ಲ. ನಾನು ಹನ್ನೊಂದು ದಿನ ಮಾತಾಡಲಿಲ್ಲ. ಹಾಗಾಗಿ ನಮ್ಮ ಊರಿನಲ್ಲಿ ಕೇಳಿ ಬರುವ ಮಾತಿನ ಮೇಲೆ ಯಾರೂ ಗುರಿ ಕಟ್ಟಿಕೊಳ್ಳಬಾರದು.

ಸೋತಾಗ ದುಪ್ಪಟ್ಟು ಕಟ್ಟುವ ಉಪಾಯ ಹೇಳುವವರೂ ಇದ್ದಾರೆ. 500 ಸೋತರೆ 1,000, ಆಮೇಲೆ 2,000, 4,000. ಒಮ್ಮೆ ಗೆದ್ದರೆ ಎಲ್ಲ ವಾಪಸ್. ಕೇಳುವುದಕ್ಕೆ ಚೆನ್ನಾಗಿದೆ. ಸತತ ಏಳು ಸಲ ಸೋತರೆ ಅಲ್ಲಿಗೆ ಹೋಗಿರುವುದು 63,500 ರೂಪಾಯಿ, ಎಂಟನೇ ಸಲಕ್ಕೆ ಬೇಕಾಗುವುದು 64,000. ಏಳು ಸಲ ಸತತ ಸೋಲುವುದು ಅಪರೂಪ ಅನ್ನಿಸುತ್ತದೆ. 160 ಸಲ ಚಕ್ರ ತಿರುಗಿದರೆ ಅದು ಒಮ್ಮೆಯಾದರೂ ಬರುವ ಸಾಧ್ಯತೆ ಅರ್ಧಕ್ಕೆ ಅರ್ಧ. ಇದರ ಮೇಲೆ ಟೇಬಲ್‌ಗೆ ಗರಿಷ್ಠ ಮಿತಿ ಬೇರೆ ಇರುತ್ತದೆ. ಈ ಉಪಾಯ ಬಿಡಿ. ಬೇರೆ ಆಟಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ಯಾಕರಾ ಅನ್ನುವ ಇಸ್ಪೀಟ್ ಆಟದಲ್ಲಿ ಪ್ಲೇಯರ್, ಬ್ಯಾಂಕರ್ ಅಂತ ಎರಡು ಕಡೆ ಇರುತ್ತವೆ. ಬ್ಯಾಂಕರ್ ಕಡೆ ಕಟ್ಟಿದರೆ ಕ್ಯಾಸಿನೊದ ಪಾಲು ಶೇ. 1.06 ಮಾತ್ರ, ಅದೇ ಟೇಬಲ್‌ನಲ್ಲಿ ಟೈ, ಅಂದರೆ ಎರಡೂ ಕಡೆ ಸಮ ಬರುತ್ತದೆ ಅಂತ ಕಟ್ಟಿದರೆ ಶೇ. 14ಕ್ಕೂ ಜಾಸ್ತಿ. ಎಲ್ಲಿ ದೊಡ್ಡ ಬಹುಮಾನ ಕಾಣುತ್ತದೋ ಅಲ್ಲಿ ಅವರ ಪಾಲೂ ಸಾಮಾನ್ಯವಾಗಿ ದೊಡ್ಡದು.

ಈ ಲೆಕ್ಕ ಮಾಡುವಾಗ ನನಗೆ ಪದೇ ಪದೇ ನೆನಪಾಗಿದ್ದು ನನ್ನ ಸೋದರಮಾವ. ಅವನು ಗಿರಣಿಯಲ್ಲಿ ಕೆಲಸಕ್ಕಿದ್ದ. ದಾವಣಗೆರೆ ಆಗ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಮಾವ ಓಸಿ ಬರೆಸುತ್ತಿದ್ದ. ಓಸಿ ಅಂದರೆ ಓಪನ್, ಕ್ಲೋಸ್. ಈ ಎರಡು ಪದ ಬಂದಿದ್ದೂ ಹತ್ತಿಯಿಂದಲೇ. ನ್ಯೂಯಾರ್ಕಿನ ಹತ್ತಿ ಪೇಟೆಯ ಓಪನಿಂಗ್ ದರ, ಕ್ಲೋಸಿಂಗ್ ದರ ಮುಂಬೈಗೆ ತಂತಿಯಲ್ಲಿ ಬರುತ್ತಿತ್ತು. ಆ ಅಂಕಿಯ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. 1960ರ ದಶಕದ ಶುರುವಿನಲ್ಲಿ ಅದು ನಿಂತು, ಮಡಕೆಯಲ್ಲಿ ಚೀಟಿ ಹಾಕಿ ಅಂಕಿ ತೆಗೆಯುವುದು ಬಂತು. ಅದಕ್ಕೇ ಮಟ್ಕಾ ಅನ್ನುವ ಹೆಸರು. ಅಂಕಿ ಹತ್ತು, ಬಂದರೆ ಕೊಡುವುದು ಒಂಬತ್ತು ಪಟ್ಟು. ಶೇ. 2.7 ಅಲ್ಲ, ಹತ್ತಕ್ಕೆ ಒಂದು ಪಾಲೇ ಅವರಿಗೆ.

ಹಗಲೆಲ್ಲ ಹತ್ತಿಯ ಧೂಳು ಕುಡಿದು ದುಡಿದಿದ್ದನ್ನು ಮಾವ ಸಂಜೆ ಹತ್ತಿಯಿಂದಲೇ ಹುಟ್ಟಿದ ಜೂಜಿಗೆ ಹಾಕುತ್ತಿದ್ದ. ಅವನಿಗೂ ಒಂದು ಗುರಿ ಇತ್ತು. "ಮಗಳ ಮದುವೆ ಖರ್ಚು ಬಂದ್ರೆ ಬಿಟ್ ಬಿಡ್ತೀನಿ ಕಣಕ್ಕ" ಅಂತ ನಮ್ಮ ಅಮ್ಮನ ಹತ್ತಿರ ಹೇಳುತ್ತಿದ್ದ. ಓಸಿಯ ಜೊತೆ ಲಾಟರಿ ಬಂತು. ಕರ್ನಾಟಕದಲ್ಲಿ ಲಾಟರಿ ನಿಂತಿದ್ದು 2007ರಲ್ಲಿ. ಅಷ್ಟರಲ್ಲಿ ಊರಿನ ಮುಕ್ಕಾಲು ಎಕರೆ ಹೋಗಿತ್ತು. ಮಗಳ ಮದುವೆಯನ್ನು ಕೊನೆಗೆ ನಮ್ಮ ಅಪ್ಪ, ದೊಡ್ಡಪ್ಪ ಸೇರಿ ಮಾಡಿದರು. ಮಾವ ಕೆಟ್ಟವನಲ್ಲ. ಅವನ ಗುರಿ ಪ್ರೀತಿಯ ಗುರಿ. ಪ್ರೀತಿಯ ಗುರಿ ಇಟ್ಟುಕೊಂಡರೆ ಎದ್ದು ಬರುವುದು ಇನ್ನೂ ಕಷ್ಟ, ಯಾಕೆಂದರೆ ಎದ್ದರೆ ಮಗಳನ್ನು ಕೈಬಿಟ್ಟ ಹಾಗೆ ಅನ್ನಿಸುತ್ತದೆ. ನನ್ನ ಮಗಳ ಸೈಕಲ್ಲೂ ಅದೇ ಅಲ್ವಾ?

ಕೊರೊನಾ ಕಳೆದು 2023ರ ಜನವರಿಯಲ್ಲಿ ಗೆಳೆಯರು ಮತ್ತೆ ಕರೆದರು. ನನಗೆ ಹೋಗುವ ಆಸೆ ಇತ್ತು. ಸುಳ್ಳು ಹೇಳುವುದಿಲ್ಲ. ರಾತ್ರಿಯ ನದಿ, ಆ ದೀಪಗಳು, ಹಳೇ ಗೆಳೆಯರ ಜೊತೆ ಎರಡು ದಿನ. ಹೆಂಡತಿಯ ಮುಂದೆ ಮಾತು ತೆಗೆದೆ. ಈ ಸಲ ಮೂರೇ ಸಾವಿರ ಗೆದ್ದರೂ ಎದ್ದು ಬಿಡುತ್ತೇನೆ ಅಂತ ಹೇಳಲು ಹೊರಟಿದ್ದೆ. ಅವಳು ಕೇಳಿದ್ದೇ ಬೇರೆ.

"ಎಷ್ಟು ಕಳ್ಕೊಂಡು ಬರ್ತೀರಿ, ಅದನ್ನ ಹೇಳ್ರಿ."

ನನಗೆ ಉತ್ತರ ಗೊತ್ತಿರಲಿಲ್ಲ. ಅವಳೇ ಮುಂದುವರಿಸಿದಳು. "ದುಗ್ಗಮ್ಮನ ಜಾತ್ರೆಗೆ ಅಂತ ದುಡ್ಡು ತೆಗೆದಿಡ್ತೀವಿ. ಬೀಗರು ಬರ್ತಾರೆ, ಖರ್ಚಾಗುತ್ತೆ. ಮಗೂನ ತೊಟ್ಟಿಲಲ್ಲಿ ಕೂರಿಸ್ತೀವಿ. ವಾಪಸ್ ಬರುವಾಗ ಆ ದುಡ್ಡು ಎಲ್ಲಿ ಅಂತ ಯಾರಾದ್ರೂ ಕೇಳ್ತಾರೇನ್ರಿ? ಇದೂ ಹಾಗೇ ಅಂದ್ಕೊಂಡು ಹೋಗೋದಾದ್ರೆ ಹೋಗಿ. ದುಡ್ಡು ಮಾಡೋಕೆ ಅಂತಾದ್ರೆ ಬೇಡ."

ಇಪ್ಪತ್ತು ವರ್ಷ ಜಮಾ–ಖರ್ಚು ಬರೆದವನು ನಾನು. ಆದರೆ ಆ 20,000ವನ್ನು ಯಾವ ಕಡೆ ಬರೆಯಬೇಕು ಅಂತ ನನಗೆ ತೋಚಿರಲಿಲ್ಲ. ನನ್ನ ಮನಸ್ಸಿನ ಪುಸ್ತಕದಲ್ಲಿ ಅದು ಇನ್ನೂ ಕೈಯಲ್ಲಿರುವ ನಗದು. ಹಾಗಾಗಿ ಹೋದದ್ದೆಲ್ಲ ವಾಪಸ್ ಬರಬೇಕಾದ ಬಾಕಿ ಆಗಿಬಿಟ್ಟಿತು. ಬಾಕಿ ವಸೂಲಿಗೆ ನಾನು ರಾತ್ರಿಯಿಡೀ ಕೂತೆ. ಅವಳು ಹೇಳಿದ್ದು, ಮನೆಯಿಂದ ಹೊರಡುವ ದಿನವೇ ಅದನ್ನು ಖರ್ಚು ಹಾಕಿ ಅಂತ.

ಅವತ್ತು ರಾತ್ರಿ ಒಂದು ನೋಟ್‌ಬುಕ್ ತೆಗೆದು ಬರೆದೆವು. ಖರ್ಚು: ಗೋವಾ ಆಟ, 10,000. ಅದು ಮನೆಯ ಸಾಮಾನು, ಫೀಸು, ಚೀಟಿ ಕಂತು, ಅಮ್ಮನ ಮಾತ್ರೆ ಎಲ್ಲ ಕಳೆದು, ಹೋದರೂ ಆ ತಿಂಗಳು ಏನೂ ನಿಲ್ಲದಷ್ಟು ಮೊತ್ತ. ಹತ್ತೇ ಯಾಕೆ ಅಂದರೆ ಅವಳು ಹದಿನೈದು ಒಪ್ಪಲಿಲ್ಲ, ನಾನು ಐದು ಒಪ್ಪಲಿಲ್ಲ. ನಿಮ್ಮ ಮನೆಯಲ್ಲಿ ಅದು ಎರಡು ಸಾವಿರ ಇರಬಹುದು. ಎಷ್ಟು ಅನ್ನುವುದಕ್ಕಿಂತ ಮನೆಯವರ ಮುಂದೆ ಕೂತು ಬರೆದದ್ದು ಅನ್ನುವುದು ಮುಖ್ಯ ಅಂತ ನನ್ನ ಅನುಭವ. ಒಬ್ಬನೇ ಮನಸ್ಸಿನಲ್ಲಿ ಹಾಕಿಕೊಂಡ ಮಿತಿಯನ್ನು ರಾತ್ರಿ ಹನ್ನೊಂದಕ್ಕೆ ಒಬ್ಬನೇ ಅಳಿಸಿಬಿಡಬಹುದು. ಇವಳ ಕೈಬರಹದಲ್ಲಿ ಇರುವುದನ್ನು ಅಳಿಸುವುದು ಸುಲಭ ಅಲ್ಲ.

ಉಳಿದ ಗುರಿಗಳೆಲ್ಲ ನಮ್ಮ ಕೈಯಲ್ಲಿ ಇರುವಂಥವು. ಎಂಟು ಗಂಟೆಗೆ ಹಡಗು ಹತ್ತಿ ಹನ್ನೆರಡಕ್ಕೆ ಇಳಿಯುವುದು. ಒಳಗೆ ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ, ಅದಕ್ಕೆ ಫೋನಿನಲ್ಲಿ ಅಲಾರಾಂ. ಕಾರ್ಡು ಮನೆಯಲ್ಲೇ. ಯುಪಿಐ ದಿನದ ಮಿತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಇಳಿಸಿಯೇ ಹೊರಡುವುದು. ಕುಡಿಯುವುದಿದ್ದರೆ ಆಟ ಮುಗಿಸಿ ದಡಕ್ಕೆ ಬಂದ ಮೇಲೆ. ಮತ್ತೆ ಗುಂಪಿಗೆಲ್ಲ ಸೇರಿ ಒಂದು ಮಾತು: ಕೈಗಡ ಕೊಡುವುದೂ ಇಲ್ಲ, ಕೇಳುವುದೂ ಇಲ್ಲ. ಈ ಕೊನೆಯದಕ್ಕೆ ಮೊದಲು ಎಲ್ಲರೂ ಮುಖ ಸಣ್ಣ ಮಾಡಿದರು. "ಗೆಳೆಯನಿಗೆ ಇಲ್ಲ ಅನ್ನೋದು ಹೆಂಗಲೇ?" ಅಂದ ಒಬ್ಬ. 2020ರಲ್ಲಿ ನನಗೆ 12,000 ಕೊಟ್ಟವನು ಅವನೇ. ಒಳ್ಳೆಯ ಮನಸ್ಸಿನಿಂದ ಕೊಟ್ಟಿದ್ದ. ಅವತ್ತು ಇಲ್ಲ ಅಂದಿದ್ದರೆ ನನಗೆ ಅಷ್ಟು ಕಮ್ಮಿ ಹೋಗುತ್ತಿತ್ತು ಅಂತ ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿಕೊಂಡ.

ಧರ್ಮರಾಯನ ಕಥೆ ಬಯಲಾಟದಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಚಿಕ್ಕಂದಿನಲ್ಲಿ ನನಗೆ ಶಕುನಿಯ ಮೇಲೆ ಸಿಟ್ಟು ಬರುತ್ತಿತ್ತು. ಈಗ ನೋಡುವಾಗ ಬೇರೆ ಕಾಣುತ್ತದೆ. ದಾಳ ಹಿಡಿಯುವ ಮುಂಚೆ ಧರ್ಮರಾಯನಿಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಿರಲಿಲ್ಲ. ಒಂದೊಂದು ಸೋಲಿಗೂ ಅದಕ್ಕಿಂತ ದೊಡ್ಡದನ್ನು ಇಡುತ್ತಾ ಹೋದ. ಆ ಸಭೆಯಲ್ಲಿ ಎಷ್ಟು ಕಳ್ಕೊಂಡು ಬರ್ತೀರಿ ಅಂತ ಅವನನ್ನು ಕೇಳಿ ಕಳಿಸಿದವರು ಯಾರೂ ಇರಲಿಲ್ಲ.

ಗೆದ್ದರೆ ಯಾವಾಗ ಏಳಬೇಕು ಅಂತ ಕೆಲವರು ಕೇಳುತ್ತಾರೆ. ನಾನು ದುಪ್ಪಟ್ಟಾದರೆ ಏಳುತ್ತೇನೆ ಅಂತ ಬರೆದುಕೊಂಡಿದ್ದೇನೆ. ಇದರಿಂದ ಚಕ್ರಕ್ಕೆ ಏನೂ ವ್ಯತ್ಯಾಸ ಆಗುವುದಿಲ್ಲ. ಅದಕ್ಕೆ ಹಿಂದಿನದು ನೆನಪಿರುವುದಿಲ್ಲ. ಎದ್ದಷ್ಟು ಹೊತ್ತು ಕಟ್ಟುವುದು ನಿಲ್ಲುತ್ತದೆ, ಅಷ್ಟೇ ಲಾಭ. ಆದರೆ ಅದನ್ನು ಗುರಿ ಅಂತ ಕರೆಯುವುದಿಲ್ಲ. ಮಳೆ ಬಂದರೆ ಕೊಡೆ ಬಿಚ್ಚುತ್ತೇನೆ ಅನ್ನಬಹುದು, ಮಳೆ ತರಿಸುತ್ತೇನೆ ಅನ್ನಲಾಗುವುದಿಲ್ಲವಲ್ಲ.

ತೆರಿಗೆಯ ಮಾತನ್ನೂ ಹೊರಡುವ ಮುಂಚೆ ತಿಳಿದುಕೊಳ್ಳಿ. ಕ್ಯಾಸಿನೊದಲ್ಲಿ ಚಿಪ್ಸ್, ಅಂದರೆ ದುಡ್ಡಿನ ಬದಲು ಮೇಜಿನ ಮೇಲೆ ಇಡುವ ಬಿಲ್ಲೆ, ಕೊಳ್ಳುವ ಹಣದ ಮೇಲೆ 2023ರ ಅಕ್ಟೋಬರ್‌ನಿಂದ ಶೇ. 28 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40. ಅಂದರೆ ತೆರಿಗೆಯನ್ನು ಮೇಲೆ ಸೇರಿಸಿದರೆ 10,000ದ ಚಿಪ್ಸ್‌ಗೆ ಕೈಯಿಂದ ಹೋಗುವುದು 14,000. ನಾನು ಕೊಡುವ ಹಣಕ್ಕೆ ಎಷ್ಟರ ಚಿಪ್ಸ್ ಕೈಗೆ ಬರುತ್ತದೆ, ಪ್ಯಾಕೇಜಿನ ಜೊತೆ ಕೊಡುವ ಚಿಪ್ಸ್ ನಗದಾಗಿ ವಾಪಸ್ ಬರುತ್ತದಾ ಇಲ್ಲವಾ, ಇವೆರಡನ್ನೂ ಕೌಂಟರಿನಲ್ಲೇ ಬಾಯಿಬಿಟ್ಟು ಕೇಳಿ. ಒಂದೇ ಸಲ ಆಡುವುದಕ್ಕೆ ಅಂತ ಕೊಡುವ ಚಿಪ್ಸ್ ಇರುತ್ತವೆ, ಅವನ್ನು ನಗದು ಮಾಡಿಕೊಡುವುದಿಲ್ಲ. ಇನ್ನು ಗೆದ್ದ ಹಣಕ್ಕೆ ಶೇ. 30 ಆದಾಯ ತೆರಿಗೆ, ಮೇಲೆ ಸೆಸ್. ಸೋತಿದ್ದನ್ನು ಅದರಲ್ಲಿ ಕಳೆಯುವ ಹಾಗಿಲ್ಲ. ಮಂಡಿಯಲ್ಲಿ ಲಾಭ–ನಷ್ಟ ಸೇರಿಸಿ ಲೆಕ್ಕ ಹಾಕುವ ನಮಗೆ ಇದು ವಿಚಿತ್ರ ಅನ್ನಿಸಬಹುದು, ಆದರೆ ಕಾನೂನು ಹಾಗಿದೆ. ಮತ್ತೊಂದು ವಿಷಯ ನನ್ನ ಮನಸ್ಸಿನಲ್ಲಿ ಯಾವಾಗಲೂ ಕೂತಿದೆ. ಗೋವಾ ಸರ್ಕಾರ 2020ರಲ್ಲಿ ತನ್ನದೇ ರಾಜ್ಯದ ಜನ ಕ್ಯಾಸಿನೊದೊಳಗೆ ಆಡುವುದನ್ನು ನಿಲ್ಲಿಸಿತು. ಹೊರಗಿನಿಂದ ಬರುವ ನಾವು ಹೋಗಬಹುದು. ಇದರ ಅರ್ಥ ಏನು ಅಂತ ನೀವೇ ಯೋಚಿಸಿ.

ಈ ಗುರಿ, ನೋಟ್‌ಬುಕ್ಕು ಎಲ್ಲ ಎಲ್ಲರಿಗೂ ಆಗುವುದಿಲ್ಲ. ನಮ್ಮ ಗುಂಪಿನ ಒಬ್ಬನಿಗೆ ಆಗಲಿಲ್ಲ. ಗೋವಾದಿಂದ ಬಂದ ಮೇಲೆ ಅವನು ಮೊಬೈಲಿನಲ್ಲಿ ಆಡಲು ಶುರು ಮಾಡಿದ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಕೇಂದ್ರದಲ್ಲಿ 2025ರ ಆಗಸ್ಟ್‌ನಲ್ಲಿ ಬಂತು. ಅವನ ಕಥೆ ಅದಕ್ಕೂ ಮುಂಚಿನದು. ರಾತ್ರಿ ಎರಡು ಗಂಟೆಗೆ ಬಚ್ಚಲುಮನೆಯಲ್ಲಿ ಕೂತು ಆಡುತ್ತಿದ್ದ. ಸಾಲದ ಮೇಲೆ ಸಾಲ. ಎಷ್ಟು ಹೋಯಿತು ಅಂತ ಕೇಳಿದರೆ ಪ್ರತಿ ಸಲ ಬೇರೆ ಅಂಕಿ ಹೇಳುತ್ತಿದ್ದ. ಅವನಿಗೆ ಮಿತಿ ಹಾಕಿಕೋ ಅಂತ ನಾವೆಲ್ಲ ಬುದ್ಧಿ ಹೇಳಿದೆವು. ಅದು ನಮ್ಮ ತಪ್ಪು. ಮಿತಿ ಅವನ ಕೈಯಲ್ಲಿ ಉಳಿದಿರಲಿಲ್ಲ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳಿಗೇ ಒಂದು ವಿಭಾಗ ಇದೆ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ನಂಬರ್ 14416, ದುಡ್ಡಿಲ್ಲದೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಫೋನ್ ಮಾಡಿದ್ದು ಅವನ ಹೆಂಡತಿ. ಈಗ ಅವನು ಎಷ್ಟೋ ಪರವಾಗಿಲ್ಲ. ಅವನನ್ನು ನಾವು ಗೋವಾಕ್ಕೆ ಕರೆಯುವುದಿಲ್ಲ. ಅವನ ಮುಂದೆ ಆ ಮಾತೂ ಆಡುವುದಿಲ್ಲ. ಭಾನುವಾರ ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ಅವನ ಜೊತೆ ನಡೆಯುತ್ತೇವೆ.

ನಿಮ್ಮಲ್ಲಿ ಯಾರಿಗಾದರೂ ಸೋತಿದ್ದನ್ನು ಮನೆಯಲ್ಲಿ ಮುಚ್ಚಿಡಬೇಕಾಗಿ ಬಂದಿದ್ದರೆ, ಸಾಲ ಮಾಡಿ ಆಡಿದ್ದರೆ, ಹೋದದ್ದನ್ನು ವಾಪಸ್ ತರಬೇಕು ಅಂತಲೇ ಮತ್ತೆ ಹೊರಟಿದ್ದರೆ, ದಯವಿಟ್ಟು ಈ ವರ್ಷ ಹೋಗಬೇಡಿ. ಮೊದಲು ಮನೆಯಲ್ಲಿ ಹೇಳಿ. ನಾನು ಹನ್ನೊಂದು ದಿನ ತಡ ಮಾಡಿದೆ. ನೀವು ಇವತ್ತೇ ಹೇಳಿ.

2023ರ ಆ ಪ್ರವಾಸದಲ್ಲಿ ನನಗೆ 6,500 ಹೋಯಿತು. ಹನ್ನೆರಡಕ್ಕೆ ಅಲಾರಾಂ ಹೊಡೆದಾಗ ಕೈಯಲ್ಲಿ 3,500 ಇತ್ತು. ಏಳುವಾಗ ಕಾಲು ಭಾರ ಅನ್ನಿಸಿತು, ನಿಜ. ದಡಕ್ಕೆ ಬಂದು ನದಿ ಪಕ್ಕದ ಕಟ್ಟೆಯ ಮೇಲೆ ನಾಲ್ಕೂ ಜನ ಕೂತೆವು. ತಣ್ಣಗೆ ಗಾಳಿ. ಒಬ್ಬ ತನ್ನ ಅಪ್ಪನ ಆಪರೇಷನ್ ಬಗ್ಗೆ ಹೇಳಿದ. ಇಷ್ಟು ವರ್ಷದಲ್ಲಿ ಅವನು ಅದನ್ನು ನಮ್ಮ ಹತ್ತಿರ ಹೇಳಿಕೊಂಡಿರಲಿಲ್ಲ. ಎರಡು ಗಂಟೆಯವರೆಗೆ ಮಾತಾಡುತ್ತಾ ಕೂತಿದ್ದೆವು. 2020ರಲ್ಲಿ ಅದೇ ಹೊತ್ತಿಗೆ ನಾನು ಒಳಗೆ ಅಸಲು ಹುಡುಕುತ್ತಿದ್ದೆ, ಗೆಳೆಯರು ಎಲ್ಲಿದ್ದಾರೆ ಅನ್ನುವುದೂ ಗೊತ್ತಿರಲಿಲ್ಲ. ಮಾರನೇ ದಿನ ಹಳೇ ಗೋವಾದ ಚರ್ಚುಗಳನ್ನು ನೋಡಿಕೊಂಡು ಹೊರಟೆವು. ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಇವಳಿಗೆ ಹೇಳಿದೆ. ನೋಟ್‌ಬುಕ್ ತಂದು ಅವಳೇ ಬರೆದಳು. ಜಮಾ, 3,500.

2025ರಲ್ಲಿ ಮತ್ತೆ ಹೋಗಿದ್ದೆ. ಆ ಸಲ 4,200 ಮುಂದೆ ಬಂದೆ. ಗೆದ್ದದ್ದನ್ನೂ ಅದೇ ಪುಟದಲ್ಲಿ, ಅದೇ ಕೈಬರಹದಲ್ಲಿ ಬರೆದಿದ್ದಾಳೆ. ಕೆಳಗೆ ಗೆರೆ ಎಳೆದು ಎರಡೂ ಪ್ರವಾಸ ಕೂಡಿ ಕಳೆದಿದ್ದಾಳೆ. ಆಟಕ್ಕೆ ನಿವ್ವಳ ಖರ್ಚು 2,300. ಎರಡು ಪ್ರವಾಸಕ್ಕೆ ಅಷ್ಟು ಪರವಾಗಿಲ್ಲ ಅಂದಳು. ಅದಕ್ಕೂ ಹಿಂದಿನ ಪುಟದಲ್ಲಿ 2020ರ 52,000 ಇದೆ. ಅದನ್ನು ಕೂಡಿಸಲಿಲ್ಲ, ಹರಿದೂ ಹಾಕಲಿಲ್ಲ.

ಈ ಸಲದ ಫೋನ್ ಮೊನ್ನೆ ಬಂತು. ಹೊಸ ಪುಟ ತೆಗೆದು ದಿನಾಂಕ ಬರೆದಿದ್ದೇನೆ. ಮೊತ್ತದ ಜಾಗ ಇನ್ನೂ ಖಾಲಿ ಇದೆ. ಮಗಳು ಧಾರವಾಡದ ಹಾಸ್ಟೆಲ್‌ನಿಂದ ಶನಿವಾರ ಬರುತ್ತಾಳೆ. ಈ ಸಲ ಅವಳ ಮುಂದೆಯೇ ಕೂತು ಬರೆಯೋಣ ಅಂದಿದ್ದಾಳೆ ಇವಳು.